ಹನ್ನೊಂದನೇ ಪುಟದ ಕೊನೇ ಸಾಲು

ಆ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಅಂಟಿಸಿದ ಚೀಟಿಯಲ್ಲೂ ಅಕ್ಷರ ತಪ್ಪುವ ಹಾಗಿರಲಿಲ್ಲ. ಮುಂದಿನ ಎರಡು ಕೋಣೆ ಗಂಡನ ಮುದ್ರಣಾಲಯ, ಹಿಂದಿನ ಮೂರು ಕೋಣೆ ಸಂಸಾರ, ನಡುವೆ ಒಂದು ಬಾಗಿಲು. ಆ ಬಾಗಿಲ ಪಕ್ಕದ ಕಿಟಕಿ ಕೆಳಗೆ ಕೂತು ಇಪ್ಪತ್ತೆರಡು ವರ್ಷದಿಂದ ಅವಳು ಪ್ರೂಫ್ ತಿದ್ದುತ್ತಿದ್ದಳು. ಮದುವೆ ಕಾಗದವಿರಲಿ, ಮಾತ್ರೆ ಡಬ್ಬಿಯೊಳಗಿನ ಚೀಟಿಯಿರಲಿ, ಸತ್ತವರ ಫೋಟೋ ಕೆಳಗಿನ ನಾಲ್ಕು ಸಾಲಿರಲಿ, ಅವಳ ಕೆಂಪು ಪೆನ್ನು ದಾಟದೆ ಮಷೀನಿಗೆ ಹೋಗುವಂತಿರಲಿಲ್ಲ. ಓದಿ ಮುಗಿಸಿ ಮೂಲೆಯಲ್ಲಿ 'ಸರಿಯಿದೆ' ಅಂತ ಬರೆದು ಸಹಿ ಹಾಕಿದಳು ಅಂದರೆ ಸರಿಯಿದೆ ಅಂತಲೇ ಲೆಕ್ಕ. ಬೀದಿಯವರೆಲ್ಲ ಪ್ರೂಫಮ್ಮ ಪ್ರೂಫಮ್ಮ ಅಂತ ಕರೆದೂ ಕರೆದೂ ಅವಳ ಹೆಸರು ಅದೇ ಆಗಿಹೋಗಿತ್ತು.

ಮಗಳಿಗೆ ಅಕ್ಷರದ ಜೊತೆಜೊತೆಗೇ ಪ್ರೂಫಿನ ಗುರುತುಗಳನ್ನೂ ಕಲಿಸಿದ್ದಳು. ಬೇಡದ ಮಾತಿನ ಮೇಲೆ ಅಡ್ಡಗೆರೆ ಎಳೆದು, ಗೆರೆಯ ತುದಿಗೆ ಒಂದು ಸುರುಳಿ ಸುತ್ತಿದರೆ 'ತೆಗೆದುಹಾಕಿ' ಅಂತ ಅರ್ಥ. ಐದು ವರ್ಷದ ಹುಡುಗಿ ತರಕಾರಿ ಪಟ್ಟಿಯಲ್ಲಿ ಹಾಗಲಕಾಯಿ ಮೇಲೆ ಆ ಸುರುಳಿ ಸುತ್ತಿಟ್ಟು, ಏನೂ ಅರಿಯದವಳ ಹಾಗೆ ಕೂತಿದ್ದಳು. ಆ ವಾರ ಮನೆಗೆ ಹಾಗಲಕಾಯಿ ಬರಲಿಲ್ಲ. ಅಜ್ಜ ಮೂರು ದಿನ ಅದನ್ನೇ ಹೇಳಿಕೊಂಡು ನಕ್ಕಿದ್ದರು.

ಆ ಹುಡುಗಿಗೆ ಚುಕ್ಕಿ ಅಂತ ಅಡ್ಡಹೆಸರಿಟ್ಟವರೂ ಅಜ್ಜನೇ. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ. ಈಗ ಇಪ್ಪತ್ತು ತುಂಬಿ, ಗುಡ್ಡದ ಮೇಲಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನದ ಎರಡನೇ ವರ್ಷ ಮುಗಿಸಿದ್ದಳು. ಎರಡು ವರ್ಷ ಇಲ್ಲಿ, ಇನ್ನೆರಡು ವರ್ಷ ಹೊರದೇಶದಲ್ಲಿ, ಪದವಿ ಅಲ್ಲಿಯದು. ಆ ಕೋರ್ಸಿನ ಮಹಿಮೆಯೇ ಅದು. ಹೊರಡೋದಕ್ಕೆ ಎರಡು ತಿಂಗಳಿತ್ತು. ಅಲ್ಲಿಯ ಚಳಿಗೆ ಅಂತ ಮಂಡಿಯುದ್ದದ ಕೋಟು ಕೊಂಡು, ಸುಡುಬಿಸಿಲಿನ ಮಧ್ಯಾಹ್ನ ತೊಟ್ಟು ನೋಡಿ, ಬೆವರು ಒರೆಸಿಕೊಂಡು, ಬೀರುವಿನಲ್ಲಿ ತೂಗುಹಾಕಿದ್ದಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ ಚುಕ್ಕಿಯ ಫೋನು ಸದ್ದು ಮಾಡಿತು. ಅಲ್ಲಿ ಹಾಸ್ಟೆಲಿನ ರೂಮು ಯಾವಾಗ ಸಿಗುತ್ತೆ ಅಂತ ಆ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅವಳೇ ನೇರವಾಗಿ ಕೇಳಿ ಬರೆದಿದ್ದಳು. ಉತ್ತರ ಬಂದಿತ್ತು. ಓದಿದಳು, ಇನ್ನೊಮ್ಮೆ ಓದಿದಳು, ಎಡಗೈಯಿಂದ ಫೋನನ್ನು ತಾಯಿಯ ಕಡೆ ಸರಿಸಿದಳು.

"ಅಮ್ಮ, ಇದನ್ನ ಓದು. ನಂಗೇ ತಪ್ಪು ಅರ್ಥ ಆಗ್ತಿದೆಯೇನೋ."

ಪ್ರೂಫಮ್ಮ ಎಲ್ಲವನ್ನೂ ಓದುವ ಹಾಗೆ ಅದನ್ನೂ ಪದಪದವಾಗಿ ಓದಿದಳು. ನಿಮ್ಮ ವಿಶ್ವವಿದ್ಯಾಲಯದ ಜೊತೆ ನಮಗೆ ಯಾವ ಒಪ್ಪಂದವೂ ಇಲ್ಲ, ಮೂರು ವರ್ಷದ ಹಿಂದೆ ಮಾತುಕತೆ ನಡೆದಿತ್ತು, ಅದು ಮುಂದುವರಿಯಲಿಲ್ಲ, ನಿಮ್ಮ ಮುಂದಿನ ಓದಿಗೆ ಶುಭವಾಗಲಿ, ಅಂತಿತ್ತು. ಗಟ್ಟಿಯಾಗಿ ಓದಿ ಹೇಳಿದಳು.

"ಹಾರೈಸೋದ್ರಲ್ಲಿ ಏನೂ ಜಿಪುಣತನ ಮಾಡಿಲ್ಲ," ಅಂದರು ಅಜ್ಜ.

ಗಂಡ, ಯಾರೋ ತಿಳಿಯದ ಗುಮಾಸ್ತ ಬರೆದಿರುತ್ತಾನೆ, ನಾಳೆ ಹೋಗಿ ಕೇಳಿದರಾಯಿತು, ಅನ್ನ ಆರುತ್ತೆ ಊಟ ಮಾಡಿ ಅಂದ. ಆದರೆ ಅವನೇ ಅರ್ಧಕ್ಕೆ ಕೈ ತೊಳೆದುಕೊಂಡು ಎದ್ದ. ಮಷೀನಿನ ಕೋಣೆಯಲ್ಲಿ ಸುಮ್ಮನೆ ಒಂದು ಎಣ್ಣೆ ಬಟ್ಟೆ ಹಿಡಿದು ರೋಲರು ಒರೆಸುತ್ತ ನಿಂತಿದ್ದು ಬಾಗಿಲಿಂದ ಕಾಣಿಸುತ್ತಿತ್ತು.

ಮಾರನೆಯ ದಿನ ಅಜ್ಜನನ್ನು ಮನೆಯಲ್ಲಿ ಬಿಟ್ಟು ಮೂವರೂ ಗುಡ್ಡದ ಬಸ್ಸು ಹತ್ತಿದರು. ಗೇಟಿನ ಎರಡೂ ಕಡೆ ಹನ್ನೆರಡು ದೇಶದ ಬಾವುಟ. ಒಳಗೆ ಹೋದರೆ ಹಜಾರದ ಗೋಡೆ ಮೇಲೆ ನಾಲ್ಕು ಗಡಿಯಾರ, ಒಂದೊಂದಕ್ಕೂ ಒಂದೊಂದು ದೂರದ ಊರಿನ ಹೆಸರು. ಅದರಲ್ಲಿ ಒಂದು ನಿಂತು ಯಾವ ಕಾಲವಾಗಿತ್ತೋ. ಗಡಿಯಾರಗಳ ಕೆಳಗೆ ದೊಡ್ಡ ಫೋಟೋ: ಇಲ್ಲಿಯ ಕುಲಪತಿಗಳೂ ಬಿಳಿ ಕೂದಲಿನ ಒಬ್ಬ ಹೊರದೇಶದವರೂ ಕೈ ಕುಲುಕುತ್ತಿದ್ದಾರೆ. ಈ ಫೋಟೋ ನೋಡಿಯೇ ಊರಿನವರೆಲ್ಲ ಒಪ್ಪಂದ ಆಯಿತು ಅಂದುಕೊಂಡಿದ್ದರು. ಕೈ ಕುಲುಕೋದಕ್ಕೆ ಏನು, ಬಸ್ ಸ್ಟ್ಯಾಂಡಿನಲ್ಲೂ ಕುಲುಕುತ್ತಾರೆ. ಅದು ಅವತ್ತು ಯಾರಿಗೂ ಹೊಳೆಯಲಿಲ್ಲ.

ಪ್ರವೇಶ ವಿಭಾಗದ ಅಧಿಕಾರಿಗೆ ಅಜ್ಜ ಕೋಟಿನ ಸಾಹೇಬ ಅಂತ ಹೆಸರಿಟ್ಟಿದ್ದರು, ಎಂಥ ಸೆಕೆಯಲ್ಲೂ ಕೋಟು ಬಿಚ್ಚದವನು. ಅವನ ಮಾತಿನಲ್ಲಿ ಬೆಣ್ಣೆ ಸುರಿಯುತ್ತಿತ್ತು. ಒಪ್ಪಂದ ಅನ್ನೋದು ಒಂದು ದಿನದ ಕೆಲಸವಲ್ಲ ಅಂದ. ಅದಕ್ಕಿಂತ ದೊಡ್ಡ ಎರಡು ವಿಶ್ವವಿದ್ಯಾಲಯಗಳ ಜೊತೆ ಮಾತು ನಡೆಯುತ್ತಿದೆ ಅಂದ. ಒಂದು ವರ್ಷ ಕಾಯಬಹುದು, ಇಲ್ಲವಾದರೆ ನಮ್ಮದೇ ಪದವಿ ತಗೊಳ್ಳಬಹುದು, ನಮ್ಮದೂ ಅಂತರರಾಷ್ಟ್ರೀಯ ಮಟ್ಟದ್ದೇ ಅಂದ. ಚುಕ್ಕಿ ತಲೆ ತಗ್ಗಿಸಿ ಕೇಳುತ್ತಿದ್ದವಳು, ಇಲ್ಲಿಯ ಬೇರೆ ಕಾಲೇಜಿನವರು ತನ್ನ ಎರಡು ವರ್ಷವನ್ನು ಒಪ್ಪಿಕೊಳ್ಳುತ್ತಾರಾ ಅಂತ ಕೇಳಿದಳು. ಕಷ್ಟ ಅಂದ ಅವನು. ಪಠ್ಯವೆಲ್ಲ ಹೊರದೇಶದವರಿಗೆ ಹೊಂದಿಕೊಳ್ಳಲಿ ಅಂತ ಮಾಡಿದ್ದು ನೋಡಿ, ಇಲ್ಲಿಯದಕ್ಕೆ ತಾಳೆಯಾಗೋದಿಲ್ಲ.

"ಹಾಗಾದ್ರೆ ನಾನು ಈಗ ಎಷ್ಟು ಓದಿದ ಹಾಗೆ, ಸರ್?"

ಕೋಟಿನ ಸಾಹೇಬ ಇನ್ನೊಂದು ಮೀಟಿಂಗಿದೆ ಅಂತ ಎದ್ದ.

ಮನೆಗೆ ಬಂದ ಮೇಲೆ ವಾದ ಶುರುವಾಯಿತು. ಒಂದು ದೂರು ಕೊಡೋಣ ಅಂದಳು ಮಗಳು. ಸ್ವಲ್ಪ ತಡಿ ಅಂದ ಅಪ್ಪ. ಅವನ ತಡಿ ಏನಂತ ಮನೆಯಲ್ಲಿ ಎಲ್ಲರಿಗೂ ಗೊತ್ತು: ಮುದ್ರಣಾಲಯದ ಅರ್ಧ ಕೆಲಸ ಬರುತ್ತಿದ್ದದ್ದೇ ಗುಡ್ಡದಿಂದ. ಉತ್ತರ ಪತ್ರಿಕೆ, ಬ್ಯಾನರು, ಆಹ್ವಾನ ಪತ್ರಿಕೆ, ಎಲ್ಲಕ್ಕಿಂತ ಮುಖ್ಯವಾಗಿ ವರ್ಷವರ್ಷದ ಪ್ರವೇಶದ ಪುಸ್ತಿಕೆ. ಮಗಳ ಫೀಸಿನಲ್ಲಿ ರಿಯಾಯಿತಿ ಸಿಕ್ಕಿದ್ದೂ ಆ ಸಂಬಂಧದಿಂದಲೇ.

ಒಂದು ವಾರ ಆ ಮನೆಯಲ್ಲಿ ತಟ್ಟೆ ಇಡುವ ಸದ್ದು ಮಾತ್ರ ಜೋರಾಗಿತ್ತು. ಚುಕ್ಕಿ ಬೆಳಗ್ಗೆ ಮಾಡುತ್ತಿದ್ದ ಕಾಗದ ಮಡಿಸುವ ಕೆಲಸ ಬಿಟ್ಟಳು. ಅಜ್ಜ ನಡುಗುವ ಕೈಯಲ್ಲಿ ಮಡಿಸಲು ಕೂತರೆ ಅಂಚು ಕೂಡುತ್ತಿರಲಿಲ್ಲ. ಪ್ರೂಫಮ್ಮ ಒಲೆ ಮೇಲೆ ಬೇಳೆ ಇಟ್ಟು, ಓಡಿ ಬಂದು ಹತ್ತು ಹಾಳೆ ಮಡಿಸಿ, ಮತ್ತೆ ಓಡುವಳು. ಎರಡು ಸಲ ಬೇಳೆ ತಳ ಹಿಡಿಯಿತು. ಎರಡನೇ ಸಲ ಗಂಡ ತಟ್ಟೆ ಮುಂದೆ ಕೂತು, ಮನೇಲಿ ಕೈ ಕಾಲು ಗಟ್ಟಿಯಿರೋರು ಮಲಗಿರ್ತಾರೆ, ಮುದುಕರು ದುಡೀತಾರೆ ಅಂತ ಗೊಣಗಿದ.

"ಮಲಗಿಲ್ಲ ಅಪ್ಪ, ಎಲ್ಲಿಗೂ ಹೋಗೋಕೆ ಇಲ್ಲ, ಅಷ್ಟೇ," ಅಂದಳು ಚುಕ್ಕಿ. "ಆ ಪುಸ್ತಿಕೆ ಅಚ್ಚು ಹಾಕಿದ್ದು ಯಾರು? ನೀವೇ ತಾನೇ?"

"ಅಚ್ಚು ಹಾಕೋನು ಅಂಗಡಿಯವನು. ತಂದುಕೊಟ್ಟಿದ್ದನ್ನ ಹಾಕ್ತೀನಿ. ಅದನ್ನ ನಂಬು ಅಂತ ನಾನು ಹೇಳಿದ್ನಾ?"

"ಅಮ್ಮ ಹೇಳಿದ್ಲು."

ಹೌದು, ಅವಳೇ ಹೇಳಿದ್ದು. ಎರಡು ವರ್ಷದ ಹಿಂದೆ ಆ ಪುಸ್ತಿಕೆಯನ್ನು ಮಡಿಲಲ್ಲಿಟ್ಟುಕೊಂಡು ಮಗಳು, ಇದೆಲ್ಲ ನಿಜವಾ ಅಮ್ಮ ಅಂತ ಕೇಳಿದಾಗ, ಪ್ರೂಫಮ್ಮ ಹೆಮ್ಮೆಯಿಂದ, ನಾನೇ ಓದಿದೀನಿ ಕಣೇ, ಒಂದಕ್ಷರ ತಪ್ಪಿಲ್ಲ ಅಂದಿದ್ದಳು. ಮಗಳಿಗೆ ಅಷ್ಟೇ ಸಾಕಾಗಿತ್ತು. ಈಗ ಪ್ರೂಫಮ್ಮ ತಳ ಹಿಡಿದ ಪಾತ್ರೆಯನ್ನು ಎತ್ತಿಕೊಂಡು ತಿಕ್ಕಲು ಹೋದಳು.

ಎರಡನೇ ವಾರ ಬೇಕರಿಯವನು ಬಂದ. ಅವನ ಮಗನೂ ಅದೇ ತರಗತಿ. ಮೆತ್ತನೆಯ ಮನುಷ್ಯ, ಬರುವಾಗ ಕಾಗದದ ಚೀಲದಲ್ಲಿ ಬಿಸಿ ಬ್ರೆಡ್ಡು ತಂದಿದ್ದ. ಮಕ್ಕಳು ಇಪ್ಪತ್ತೆಂಟು ಜನ, ಇಪ್ಪತ್ತೆಂಟು ಮನೆಯವರೂ ಸೇರಿ ಸರ್ಕಾರದ ಉನ್ನತ ಶಿಕ್ಷಣ ಕಚೇರಿಗೆ ದೂರು ಕೊಡುತ್ತಿದ್ದಾರೆ, ಬರೆಯೋಕೆ ಚುಕ್ಕಿಯೇ ಆಗಬೇಕು ಅಂದ. ಬಾಯಿಮಾತು ಕಚೇರಿಯಲ್ಲಿ ನಡೆಯೋದಿಲ್ಲ, ನಮ್ಮ ಕೈಯಲ್ಲಿರೋ ಗಟ್ಟಿ ಸಾಕ್ಷಿ ಅಂದರೆ ಆ ಪುಸ್ತಿಕೆಯ ಹನ್ನೊಂದನೇ ಪುಟ. ಅಲ್ಲಿ ಕಪ್ಪು ಅಕ್ಷರದಲ್ಲಿ, ಮೂರನೇ ವರ್ಷದಿಂದ ಹೊರದೇಶದಲ್ಲಿ ಓದು ಅಂತ ಬರೆದಿದೆ. ಗಂಡ ಮಗಳ ಮುಖ ನೋಡಿದ. ಗುಡ್ಡದ ಕೆಲಸ ಹೋದರೆ ಹೋಗಲಿ ಬಿಡು ಅಂತ ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಗೆ ಹೇಳಿದ. ಅವನ ಬಾಯಲ್ಲಿ ಆ ಮಾತು ಬಂದದ್ದೇ ದೊಡ್ಡದು.

ಅವತ್ತಿನಿಂದ ಚುಕ್ಕಿ ಮತ್ತೆ ಮನುಷ್ಯಳಾದಳು. ಬೆಳಗ್ಗೆ ಎದ್ದು ಕಾಗದ ಮಡಿಸಿದಳು, ಅಜ್ಜನಿಗೆ ಕಾಫಿ ಕೊಟ್ಟಳು, ಮುದ್ರಣಾಲಯದ ಕಂಪ್ಯೂಟರಿನ ಮುಂದೆ ಕೂತು ನಾಲ್ಕು ದಿನ ದೂರು ಬರೆದಳು. ಗೆದ್ದರೆ ಸರ್ಕಾರವೇ ಬೇರೆ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಸೀಟು ಕೊಡಿಸಬಹುದು ಅಂತ ಬೇಕರಿಯವನು ಎಲ್ಲೋ ವಿಚಾರಿಸಿಕೊಂಡು ಬಂದಿದ್ದ. ಅದೊಂದೇ ದಾರಿ ಇದ್ದದ್ದು. ಇಪ್ಪತ್ತೆಂಟು ಹೆಸರಲ್ಲಿ ಮೊದಲನೆಯದು ಅವಳದೇ. ಐದನೇ ದಿನ ಮೂರು ಹಾಳೆ ತಂದು ಕಿಟಕಿಯ ಮೇಜಿನ ಮೇಲಿಟ್ಟು, ಓದಿ ಕೊಡಮ್ಮ, ತಪ್ಪಿರಬಾರದು ಅಂದಳು.

ಮಗಳ ಬರವಣಿಗೆ ಚೆನ್ನಾಗಿತ್ತು. ಮೊದಲ ಹಾಳೆಯಲ್ಲಿ ಎರಡು ಕಡೆ ಪದಗಳ ನಡುವೆ ಜಾಗ ಹೆಚ್ಚಾಗಿತ್ತು, ಅಷ್ಟೇ. ಎರಡನೇ ಹಾಳೆಗೆ ಬಂದಳು. 'ಪುಸ್ತಿಕೆಯ ಹನ್ನೊಂದನೇ ಪುಟದಲ್ಲಿ ಯಾವುದೇ ಷರತ್ತಿಲ್ಲದೆ ಹೀಗೆ ಹೇಳಲಾಗಿದೆ' ಅಂತ ಇತ್ತು. ಷರತ್ತಿಲ್ಲದೆ ಅನ್ನುವ ಪದದ ಮೇಲೆ ಪೆನ್ನಿನ ತುದಿ ನಿಂತಿತು. ತಪ್ಪಿಗೆ ನಿಂತದ್ದಲ್ಲ. ಒಳಗೆಲ್ಲೋ ಏನೋ ಕದಲಿದ ಹಾಗಾಗಿ ನಿಂತಿತು.

ಅಲ್ಲೊಂದು ಸಾಲಿತ್ತು.

ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಹದಿನಾರು ಪುಟ, ಒಂದೇ ದೊಡ್ಡ ಹಾಳೆ ಮಡಿಸಿದರೆ ಪುಸ್ತಿಕೆ, ಪುಟ ಹೆಚ್ಚಿಸುವಂತಿಲ್ಲ. ಹನ್ನೊಂದನೇ ಪುಟ ಒಂದೇ ಒಂದು ಸಾಲು ಉದ್ದವಾಗಿ ಕೂತಿತ್ತು. ಕೆಳಗೆ ಹೊರದೇಶದ ಕಟ್ಟಡದ ಚಿತ್ರ. ಅದನ್ನು ಒಂದು ಕೂದಲೆಳೆಯಷ್ಟೂ ಕಿರಿದು ಮಾಡಬೇಡಿ ಅಂತ ಕೋಟಿನ ಸಾಹೇಬನ ಕಟ್ಟಪ್ಪಣೆ. ಮಾರನೇ ಬೆಳಗ್ಗೆ ಶಿಕ್ಷಣ ಮೇಳ, ಪುಸ್ತಿಕೆ ಅಲ್ಲಿರಬೇಕು. ಗಂಡ ಮಷೀನಿನ ಪಕ್ಕ ನಿಂತು ಗುಡ್ಡಕ್ಕೆ ಫೋನು ಮಾಡಿದ. ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಇವಳ ಕಡೆ ಕೂಗಿದ: ಕೊನೇ ಸಾಲು ತೆಗೆದುಬಿಡಿ ಅಂತಿದ್ದಾರೆ, ತಿಂಗಳೊಳಗೆ ಸಹಿ ಆಗುತ್ತಂತೆ, ಆ ಸಾಲು ಹೇಗೂ ದಂಡ ಅಂತೆ. ಅವಳು ತೆಗೆದಳು. ಕೆಂಪು ಗೆರೆ, ತುದಿಗೆ ಸುರುಳಿ. ಆಮೇಲೆ ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತು ಸಂಜೆಯವರೆಗೂ ಮಡಿಸಿದ್ದರು, ಪಿನ್ನು ಹೊಡೆದಿದ್ದರು, ಚುಕ್ಕಿ ಹಾಡು ಹೇಳಿಕೊಂಡು ಕಟ್ಟು ಕಟ್ಟಿದ್ದಳು. ದಿನಕ್ಕೆ ನೂರು ಸಾಲು ಹೊಡೆಯುವವಳಿಗೆ ಆ ಒಂದು ಸಾಲು ಆವತ್ತೇ ಮರೆತುಹೋಗಿತ್ತು.

ಹಳೆಯ ಪ್ರೂಫುಗಳೆಲ್ಲ ಮಾವನ, ಅಂದರೆ ಚುಕ್ಕಿಯ ಅಜ್ಜನ, ಕೋಣೆಯ ಅಟ್ಟದ ಮೇಲಿರುತ್ತಿದ್ದವು. ಅವಳು ಹೋದಾಗ ಮಾವ ಮಂಚದ ಮೇಲೆ ಕೂತಿದ್ದರು. ಏನು ಬೇಕಮ್ಮ ಅಂತ ಕೇಳಲಿಲ್ಲ. ದಿಂಬಿನ ಕೆಳಗಿಂದ ಒಂದು ಹಾಳೆ ತೆಗೆದು ಕೊಟ್ಟರು.

'ಈ ಅವಕಾಶವು ಎರಡೂ ಸಂಸ್ಥೆಗಳ ನಡುವೆ ಒಪ್ಪಂದವಾದ ಬಳಿಕ ಮಾತ್ರ ಅನ್ವಯಿಸುತ್ತದೆ.' ಅದರ ಮೇಲೆ ಕೆಂಪು ಗೆರೆ. ಮೂಲೆಯಲ್ಲಿ 'ಸರಿಯಿದೆ', ಅವಳ ಸಹಿ. ಗಿರಾಕಿಯ ಸಹಿಯ ಜಾಗ ಖಾಲಿ.

"ಆ ಭಾನುವಾರವೇ ಹುಡುಕಿ ಇಟ್ಟುಕೊಂಡೆ," ಅಂದರು ಮಾವ. ಐವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. "ಗಿರಾಕಿ ಬಂದು ಸಹಿ ಹಾಕದೆ ಒಂದಕ್ಷರ ಮುಟ್ಟಬಾರದು ಅಂತ ಈ ಮನೇಲಿ ಮೊದಲಿಂದ ಇತ್ತು. ಆವತ್ತು ನಾನೂ ನಿಮ್ಮ ಜೊತೆ ಕೂತು ಮಡಿಸ್ತಿದ್ದೆ. ನಾನೂ ಕೇಳಲಿಲ್ಲ."

"ಇದು ಯಾರಿಗೂ ಕಾಣೋದು ಬೇಡ ಮಾವ. ಒಲೆಗೆ ಹಾಕಿಬಿಡ್ತೀನಿ."

"ಹಾಕಬಹುದು. ಆದರೆ ಅದಕ್ಕೆ ಮೊದಲಿನ ಪ್ರೂಫು, ಆ ಸಾಲಿದ್ದದ್ದು, ನಮ್ಮ ಸೀಲು ಹಾಕಿದ್ದು, ಆ ಕೋಟಿನ ಸಾಹೇಬ ಸಹಿ ಮಾಡಿದ್ದು, ಗುಡ್ಡದ ಮೇಲಿದೆಯಲ್ಲಮ್ಮ. ಒಂದು ಪ್ರತಿ ಯಾವಾಗಲೂ ಗಿರಾಕಿಗೆ ಕೊಡ್ತೀವಿ."

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಸಿಕ್ಕಿಸಿಕೊಂಡಳು. ಮೇಜಿಗೆ ವಾಪಸು ಬಂದಳು. ಆಗ ಹೇಳಬೇಕಿತ್ತು. ಮಗಳು ಹೊರಗೆ ಅಪ್ಪನ ಜೊತೆ ನಗುತ್ತಿರುವುದು ಕೇಳಿಸಿತು, ಎಷ್ಟೋ ದಿನದ ಮೇಲೆ. ಕೋಟಿನ ಸಾಹೇಬ ಎರಡು ವರ್ಷದ ಹಿಂದಿನ ಹಾಳೆಯನ್ನು ಎಲ್ಲಿ ಜೋಪಾನ ಮಾಡಿರುತ್ತಾನೆ, ನಿಂತ ಗಡಿಯಾರಕ್ಕೆ ಸೆಲ್ಲು ಹಾಕಲಾಗದವರು, ಅಂತ ತನಗೆ ತಾನೇ ಹೇಳಿಕೊಂಡಳು. ಪದಗಳ ನಡುವಿನ ಜಾಗ ಎರಡು ಕಡೆ ತಿದ್ದಿದಳು. ಮೂಲೆಯಲ್ಲಿ 'ಸರಿಯಿದೆ' ಅಂತ ಬರೆದು ಸಹಿ ಹಾಕಿದಳು.

ದೂರು ಕಚೇರಿಗೆ ಹೋಯಿತು. ಗುಡ್ಡದ ಕೆಲಸ ಅದೇ ವಾರ ನಿಂತಿತು. ಉತ್ತರ ಪತ್ರಿಕೆ ಬೇರೆ ಮುದ್ರಣಾಲಯಕ್ಕೆ ಹೋಯಿತು. ಹೊಸ ವರ್ಷದ ಪುಸ್ತಿಕೆಯೂ ಹೋಯಿತು. ಗೇಟಿಗೆ ಹದಿಮೂರನೇ ಬಾವುಟ ಬಂದಿದೆ ಅಂತ ಬೇಕರಿಯವನ ಮಗ ಬಂದು ಹೇಳಿದ. ಮಷೀನು ಬೆಳಗ್ಗೆ ಎರಡು ಗಂಟೆ ಓಡಿ ಸುಮ್ಮನಾಗುತ್ತಿತ್ತು. ಗಂಡ ಹಾಲಿನ ಪ್ಯಾಕೆಟ್ಟು ಎರಡರಿಂದ ಒಂದಕ್ಕೆ ಇಳಿಸಿದ, ಅಜ್ಜ ಎರಡನೇ ಕಾಫಿ ತಾವಾಗಿಯೇ ಬಿಟ್ಟರು. ಚುಕ್ಕಿ ಮಾತ್ರ ದಿನಾ ಹನ್ನೊಂದು ಗಂಟೆಗೆ ಬಾಗಿಲಲ್ಲಿ ಅಂಚೆಯವನಿಗೆ ಕಾದು ನಿಲ್ಲುವಳು. ಪ್ರೂಫಮ್ಮ ಕಿಟಕಿಯಿಂದ ಮಗಳ ಬೆನ್ನು ನೋಡುವಳು. ಇವತ್ತು ಹೇಳ್ತೀನಿ ಅಂದುಕೊಂಡು ಬಾಯಿ ತೆರೆಯುವಳು, ಊಟಕ್ಕೆ ಬಾ ಅನ್ನುವಳು. ಹಾಗೆ ಮೂರು ವಾರ ಕಳೆಯಿತು.

ನಾಲ್ಕನೇ ವಾರದ ಮೊದಲ ದಿನ ಕಚೇರಿಯಿಂದ ಲಕೋಟೆ ಬಂತು. ಮಧ್ಯಾಹ್ನದ ಊಟದ ಹೊತ್ತು, ಮೇಜಿನ ಮೇಲೆ ಆಲೂಗಡ್ಡೆ ಬಡಿಸಿತ್ತು. ಚುಕ್ಕಿ ನಿಂತೇ ಓದಿದಳು. ವಿಶ್ವವಿದ್ಯಾಲಯ ತನ್ನ ಉತ್ತರ ಕೊಟ್ಟಿತ್ತು: ನಾವು ಮುದ್ರಣಕ್ಕೆ ಕೊಟ್ಟ ಪ್ರತಿಯಲ್ಲಿ ಷರತ್ತು ಸ್ಪಷ್ಟವಾಗಿತ್ತು, ಮುದ್ರಕರು ನಮ್ಮ ಒಪ್ಪಿಗೆಯಿಲ್ಲದೆ ಅದನ್ನು ಕೈಬಿಟ್ಟಿದ್ದಾರೆ, ದೂರುದಾರರಲ್ಲಿ ಮೊದಲನೆಯವರು ಆ ಮುದ್ರಕರ ಮಗಳೇ ಎಂಬುದನ್ನು ಕಚೇರಿ ಗಮನಿಸಬೇಕು. ಕೆಳಗೆ ಸೀಲು ಹಾಕಿದ ಹಳೆಯ ಪ್ರೂಫಿನ ನಕಲು.

ಚುಕ್ಕಿ ಅಪ್ಪನ ಕಡೆ ತಿರುಗಿದಳು. ಸುಳ್ಳು ತಾನೇ ಇದು ಅಂತ ಕೇಳಿದಳು. ಫೋನಿನಲ್ಲಿ ಆ ಕೋಟಿನ ಸಾಹೇಬನೇ ತೆಗೆಯಿರಿ ಅಂದದ್ದು ಅಂದ ಅವನು, ಆಮೇಲೆ, ನಾನೇ ತೆಗೆಸಿದೆ, ತಪ್ಪು ನಂದೇ ಅಂದ.

"ಅವರಲ್ಲ. ಗೆರೆ ಎಳೆದದ್ದು ನಾನು," ಅಂದಳು ಪ್ರೂಫಮ್ಮ. ಸೆರಗಿನಲ್ಲಿ ಮೂರು ವಾರ ಮೆತ್ತಗಾದ ಹಾಳೆಯನ್ನು ತಟ್ಟೆ ಪಕ್ಕ ಇಟ್ಟಳು.

ಮಗಳು ಅದನ್ನು ಬಿಡಿಸಿ ನೋಡಿದಳು. ಸುರುಳಿಯ ಮೇಲೆ ಒಂದು ಬೆರಳಿಟ್ಟಳು.

"ದೂರು ಓದೋವಾಗ ನಿಂಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು."

"ಸರಿಯಿದೆ ಅಂತ ಬರೆದೆ."

"ಬರೆದೆ."

ಚುಕ್ಕಿ ಕೂಗಾಡಲಿಲ್ಲ, ಅಳಲೂ ಇಲ್ಲ. ಕೂತು ತಟ್ಟೆಯಲ್ಲಿದ್ದದ್ದನ್ನು ಉಂಡಳು, ತಟ್ಟೆ ತೊಳೆದಿಟ್ಟಳು, ಒಳಗೆ ಹೋದಳು. ಅವಳು ಎರಡು ಏಟು ಹೊಡೆದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಪ್ರೂಫಮ್ಮನಿಗೆ. ಅಜ್ಜ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿದ್ದರು, ಅನ್ನ ಕಲಸಿದ ಕೈ ಒಣಗುತ್ತಿತ್ತು.

ಎರಡು ದಿನ ಬಿಟ್ಟು ಬೇಕರಿಯವನು ಬಂದ. ಈ ಸಲ ಬ್ರೆಡ್ಡು ಇರಲಿಲ್ಲ. ಕೂತ್ಕೊಳ್ಳಿ ಅಂದರೂ ಹೊಸಲಿನಲ್ಲೇ ನಿಂತ. ಅವನಿಗೆ ಸಿಟ್ಟಿರಲಿಲ್ಲ, ಮುಜುಗರವಿತ್ತು, ಅದೇ ನೋಡಲಾಗದಂತಿತ್ತು. ಷರತ್ತೇ ಇಲ್ಲ ಅಂದ ಹಳೆಯ ದೂರು ಇನ್ನು ನಿಲ್ಲೋದಿಲ್ಲ, ಹೊಸದಾಗಿ ದೂರು ಕೊಡಬೇಕಂತೆ, ಬೇಗ ಕೊಟ್ಟರೆ ಮಿಕ್ಕ ಮಕ್ಕಳಿಗಾದರೂ ಏನಾದರೂ ಆಗಬಹುದಂತೆ. ಮುದ್ರಣಾಲಯವನ್ನೂ ಎದುರು ಪಕ್ಷ ಮಾಡಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ. ಮತ್ತೆ, ಮೊದಲನೇ ಹೆಸರು ಇದ್ದರೆ... ಅಂತ ನಿಲ್ಲಿಸಿ ಕಾಲಿನ ಚಪ್ಪಲಿ ನೋಡಿಕೊಂಡ.

"ನಾನೇ ಮಾಡಿಕೊಡ್ತೀನಿ ಅಂಕಲ್," ಅಂದಳು ಚುಕ್ಕಿ. "ಎಲ್ಲ ಕಂಪ್ಯೂಟರಿನಲ್ಲೇ ಇದೆ. ಹತ್ತು ನಿಮಿಷ."

ಹಳೆಯ ದೂರಿನ ಪ್ರತಿ ತಂದು ತಾಯಿಯ ಕಿಟಕಿಯ ಕೆಳಗೆ ಕೂತಳು. ಅಂಚಿನಲ್ಲಿ, ಎದುರು ಪಕ್ಷದ ಸಾಲಿನ ಪಕ್ಕ, ಮುದ್ರಣಾಲಯದ ಹೆಸರು ಬರೆದಳು, ಅಪ್ಪನ ಹೆಸರು ಬರೆದಳು. ಆಮೇಲೆ ಕೆಂಪು ಪೆನ್ನು ತಗೊಂಡು ಪಟ್ಟಿಯ ಮೊದಲನೇ ಹೆಸರಿನ ಮೇಲೆ ಗೆರೆ ಎಳೆದಳು. ಗೆರೆಯ ತುದಿಗೆ ಸುರುಳಿ ಸುತ್ತಿದಳು. ಹಾಗಲಕಾಯಿ ಮೇಲೆ ಸುತ್ತಿದ್ದಷ್ಟೇ ದುಂಡಗೆ ಬಂತು ಅದು.

ಕಂಪ್ಯೂಟರಿನ ಕೀಲಿಗಳ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಬೀರುವಿನ ಬಾಗಿಲು ಸರಿಯಾಗಿ ಮುಚ್ಚದೆ ಆ ಉದ್ದ ಕೋಟಿನ ಒಂದು ತೋಳು ಆಚೆ ಬಂದಿತ್ತು. ಪ್ರೂಫಮ್ಮ ಎದ್ದು ಅದನ್ನು ಒಳಗೆ ತಳ್ಳಿ ಬಾಗಿಲು ಒತ್ತಿ ಬಂದಳು. ಅಷ್ಟರಲ್ಲಿ ಮಗಳು ಹೊಸ ಹಾಳೆಗಳನ್ನು ತಂದಿದ್ದಳು, ಪ್ರಿಂಟರಿನ ಬಿಸಿ ಇನ್ನೂ ಆರಿರಲಿಲ್ಲ.

"ಓದಿ ಕೊಡಮ್ಮ. ಅಂಕಲ್ ಕಾಯ್ತಿದ್ದಾರೆ."

ಪ್ರೂಫಮ್ಮ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದಿದಳು. ಒಂದು ಸಲ ಓದಿ, ರೂಢಿಯಂತೆ ಇನ್ನೊಂದು ಸಲ ಓದಿದಳು. ಗಂಡನ ಹೆಸರು ಸರಿಯಾಗಿತ್ತು, ಮುದ್ರಣಾಲಯದ ವಿಳಾಸ ಸರಿಯಾಗಿತ್ತು. ಬೆರಳಿಟ್ಟು ಹೆಸರುಗಳನ್ನು ಎಣಿಸಿದಳು, ಇಪ್ಪತ್ತೇಳು. ಎಲ್ಲೂ ಒಂದು ತಪ್ಪು ಸಿಗಲಿಲ್ಲ. ಹೊಸಲಿನಲ್ಲಿ ಬೇಕರಿಯವನು ಕೈ ಚಾಚಿ ನಿಂತಿದ್ದ. ಅವಳು ಮೂಲೆಯಲ್ಲಿ 'ಸರಿಯಿದೆ' ಅಂತ ಬರೆದು, ಸಹಿ ಹಾಕಿ, ಅವನ ಕೈಗೆ ಕೊಟ್ಟಳು.